ಲಾಂಗ್‌ರೈಫಲ್ ಕಿಟ್: ಲಾಕ್ ಬಿಗಿದ ಕೂಡಲೇ ಕುದುರೆ ಮಂದವಾಗುತ್ತಿದೆ, ಪ್ಯಾನ್ ಪಕ್ಕ ಸಂದು ಬಿಟ್ಟಿದೆ

ಹೊಸ_ಉಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಎರಡು ವರ್ಷದ ಹಿಂದೆ ನ್ಯಾಜರೆತ್ ಹತ್ತಿರ ಜೇಕಬ್ಸ್‌ಬರ್ಗ್‌ನಲ್ಲಿರುವ ಲಾಂಗ್‌ರೈಫಲ್ ಮ್ಯೂಸಿಯಂ ನೋಡಲು ಹೋಗಿದ್ದೆ. ಅಲ್ಲಿ ಬಾಯಿಂದ ಮದ್ದು ತುಂಬುವ, ಉದ್ದ ನಳಿಗೆಯ ಒಂದು ಹಳೇ ರೈಫಲ್ ಮುಂದೆ ಅರ್ಧ ಗಂಟೆ ನಿಂತುಬಿಟ್ಟೆ. ಮೇಪಲ್ ಮರದ ಮೇಲೆ ಹುಲಿಪಟ್ಟೆ. ಆ ಮರ ಹಿತ್ತಾಳೆಗೆ ಸೇರುವ ಜಾಗದಲ್ಲಿ ಕೂದಲೂ ತೂರದಂಥ ಗೆರೆ. ಅಂಥದ್ದೊಂದನ್ನು ನನ್ನ ಕೈಯಾರೆ ಜೋಡಿಸಬೇಕು ಅಂತ ಅವತ್ತೇ ಅನ್ನಿಸಿತು.

ಈ ಚಳಿಗಾಲ ಶುರುವಾದಾಗ ಕಿಟ್ ತರಿಸಿದೆ. ಲ್ಯಾಂಕಾಸ್ಟರ್ ಮಾದರಿ, 50 ಕ್ಯಾಲಿಬರ್, 42 ಇಂಚಿನ ಎಂಟು ಮುಖದ ನಳಿಗೆ, ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹತ್ತಿಸುವ ಲಾಕ್). ಸ್ಟಾಕನ್ನು, ಅಂದರೆ ರೈಫಲ್‌ನ ಮರದ ಮೈಯನ್ನು, ಮಿಷನ್ನಿನಲ್ಲಿ ಒರಟಾಗಿ ಕೆತ್ತಿ ಕಳಿಸಿದ್ದಾರೆ. ನಳಿಗೆಯ ಕಾಲುವೆ, ಲಾಕ್‌ನ ಗೂಡು ಮುಕ್ಕಾಲು ಪಾಲು ತೋಡಿ ಬಂದಿದೆ, ಉಳಿದದ್ದು ನಮ್ಮ ಕೆಲಸ. ಬೇಸ್‌ಮೆಂಟಿನಲ್ಲಿ ಒಂದು ಟೇಬಲ್, ಒಂದು ವೈಸ್, ನಾಲ್ಕು ಉಳಿ, ಎರಡು ಅರ. ಅಷ್ಟೇ ನನ್ನ ಸಾಮಾನು.

ನಳಿಗೆ ಕೂರಿಸಿದೆ. ನಳಿಗೆಯ ಹಿಂದೆ ಚಾಚಿರುವ ಲೋಹದ ಪಟ್ಟಿ, ಟ್ಯಾಂಗ್, ಅದನ್ನೂ ಕೂರಿಸಿದೆ. ಆಮೇಲೆ ಲಾಕ್. ಅಲ್ಲಿ ಸಿಕ್ಕಿಕೊಂಡಿದ್ದೇನೆ.

ಲಾಕ್ ಕೈಯಲ್ಲಿ ಹಿಡಿದಾಗ ಕುದುರೆ, ಅಂದರೆ ಚಕಮಕಿ ಕಲ್ಲು ಕಚ್ಚಿ ಹಿಡಿಯುವ ತೋಳು, ಚುರುಕಾಗಿ ಬೀಳುತ್ತದೆ. ಮರದೊಳಗೆ ಕೂರಿಸಿ ಎರಡೂ ಬೋಲ್ಟ್ ಬಿಗಿದರೆ ಅದೇ ಕುದುರೆ ನಿಧಾನ, ಒಮ್ಮೊಮ್ಮೆ ಅರ್ಧದಲ್ಲೇ ನಿಲ್ಲುತ್ತದೆ. ಬೋಲ್ಟ್ ಅರ್ಧ ಸುತ್ತು ಸಡಿಲಿಸಿದರೆ ಮತ್ತೆ ಸರಿ. ಇನ್ನೊಂದು, ಪ್ಯಾನ್‌ಗೂ (ಕಿಡಿ ಬೀಳುವ ಮದ್ದಿನ ಪುಟ್ಟ ಬಟ್ಟಲು) ನಳಿಗೆಯ ಪಕ್ಕಕ್ಕೂ ನಡುವೆ ಸಂದು ಇದೆ. ವಿಸಿಟಿಂಗ್ ಕಾರ್ಡ್ ಆರಾಮಾಗಿ ತೂರುತ್ತದೆ. ಟ್ರಿಗರ್ ಇನ್ನೂ ಹಾಕಿಲ್ಲ.

ಒಬ್ಬರು ಸಂದಿಗೆ ಎಪಾಕ್ಸಿ ತುಂಬು ಅಂದರು. ಇನ್ನೊಬ್ಬರು ಒಂದು ತೆಳು ಹಿತ್ತಾಳೆ ಪಟ್ಟಿ ಇಡು ಅಂದರು. ನನಗೆ ಎರಡೂ ಒಪ್ಪಿಗೆ ಆಗಲಿಲ್ಲ, ಆದರೆ ಬೇರೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಆರು ದಿನದಿಂದ ಉಳಿ ಮುಟ್ಟಿಲ್ಲ. ಜೊತೆಗೆ ಮರಕ್ಕೆ ಬಣ್ಣ ಬರಿಸುವ ಆಕ್ವಾ ಫೋರ್ಟಿಸ್ ಬಗ್ಗೆಯೂ ಯಾರಾದರೂ ಹೇಳಿ. ಆಸಿಡ್ ಅಂದರೆ ಸ್ವಲ್ಪ ಹೆದರಿಕೆ ಇದೆ.

ಮಸಿ_ಕೈ

ಆರು ದಿನ ಉಳಿ ಮುಟ್ಟದೆ ಕೂತಿರಲ್ಲ, ಅದೇ ಒಳ್ಳೆಯದಾಯಿತು. ಈ ಹಂತದಲ್ಲಿ ಅವಸರದಲ್ಲಿ ತೋಡಿದವರ ಸ್ಟಾಕ್ ನೋಡಿದ್ದೇನೆ. ಓಹಿಯೋದಲ್ಲಿ ನನ್ನ ಬೆಂಚಿನ ಮೇಲೆ ಇದುವರೆಗೆ ಮೂರು ರೈಫಲ್ ಎದ್ದಿವೆ, ನಾಲ್ಕನೆಯದು ಈಗ ವೈಸ್‌ನಲ್ಲಿದೆ. ಮೂರರಲ್ಲೂ ನನಗೆ ಜಾಸ್ತಿ ಹೊತ್ತು ಹಿಡಿದದ್ದು ಲಾಕೇ.

ನಿಮ್ಮದು ಎರಡು ತೊಂದರೆ ಅಲ್ಲ, ಒಂದೇ. ಲಾಕ್‌ನ ಒಳಗಿನ ಯಾವುದೋ ಭಾಗ ಗೂಡಿನ ತಳಕ್ಕೆ ತಾಗುತ್ತಿದೆ. ಅದು ಮೊದಲು ತಾಗುವುದರಿಂದ ಪ್ಯಾನ್ ನಳಿಗೆಯವರೆಗೆ ಹೋಗುತ್ತಿಲ್ಲ, ಅದೇ ಸಂದು. ನೀವು ಬೋಲ್ಟ್ ಬಿಗಿದಾಗ ಆ ಭಾಗ ಮರಕ್ಕೆ ಒತ್ತಿಕೊಂಡು ಹಿಡಿಯುತ್ತದೆ, ಅದೇ ಮಂದ. ಅರ್ಧ ಸುತ್ತು ಸಡಿಲಿಸಿದರೆ ಸರಿಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಟ್ರಿಗರ್ ಇನ್ನೂ ಹಾಕಿಲ್ಲ ಅಂದಿದ್ದೂ ಉಪಯೋಗಕ್ಕೆ ಬಂತು. ಟ್ರಿಗರ್ ಮೇಲೆದ್ದು ಸಿಯರ್‌ಗೆ (ಏರಿಸಿದ ಕುದುರೆಯನ್ನು ತಡೆದು ಹಿಡಿಯುವ ಒಳಗಿನ ತುಂಡು) ತಾಗಿದರೂ ಹೀಗೇ ಆಗುತ್ತದೆ, ಆ ಅನುಮಾನ ಈಗ ಇಲ್ಲ.

ಎಪಾಕ್ಸಿ ಬೇಡ, ಪಟ್ಟಿಯೂ ಬೇಡ. ಪ್ಯಾನ್ ಲೋಹಕ್ಕೆ ಲೋಹವಾಗಿ ನಳಿಗೆಗೆ ಅಂಟಿಕೊಂಡಂತೆ ಕೂರಬೇಕು. ಇಲ್ಲದಿದ್ದರೆ ಪ್ಯಾನ್‌ಗೆ ಹಾಕಿದ ಮದ್ದು ಸಂದಿಯಲ್ಲಿ ಇಳಿಯುತ್ತದೆ. ಬೆಂಕಿ ಹತ್ತಿದಾಗ ಅದೇ ದಾರಿಯಲ್ಲಿ ಲಾಕ್‌ನ ಹಿಂದೆ ನುಗ್ಗಿ ಮರವನ್ನು ಒಳಗಿಂದ ಸುಡುತ್ತದೆ. ಹೊರಗೆ ಕಾಣುವಷ್ಟರಲ್ಲಿ ಕರಿಗಟ್ಟಿರುತ್ತದೆ.

ಆದರೆ ಲಾಕ್ ಮುಟ್ಟುವ ಮೊದಲು ನಳಿಗೆ ನೋಡಿ. ನಳಿಗೆಯ ಹಿಂಬದಿ, ಅಂದರೆ ಬ್ರೀಚ್, ಮರಕ್ಕೆ ಪೂರ್ತಿ ಆನಿಕೊಂಡಿದೆಯಾ? ಈಡು ಹೊಡೆದಾಗ ನಳಿಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಅಗಲವಾಗಿ ಮರ ತಡೆಯಬೇಕು, ಟ್ಯಾಂಗಿನ ಸ್ಕ್ರೂ ಅಲ್ಲ. ಅಲ್ಲಿ ಸಂದು ಇದ್ದರೆ ಟ್ಯಾಂಗಿನ ಹಿಂದೆ ಸ್ಟಾಕ್ ಸೀಳುತ್ತದೆ. ಇದನ್ನು ಈಗ ಬಿಟ್ಟು ಆಮೇಲೆ ನಳಿಗೆ ಸರಿಸಿದರೆ, ಲಾಕ್‌ನ ಲೆಕ್ಕ ಎಲ್ಲ ಮತ್ತೆ ತಪ್ಪುತ್ತದೆ.

ಈಗ ತಾಗುವ ಜಾಗ ತೋರಿಸುವ ಮಸಿ. ಅಂಗಡಿಯಲ್ಲಿ ಇದಕ್ಕೇ ಅಂತ ಕಪ್ಪು, ನೀಲಿ ಪೇಸ್ಟ್ ಸಿಗುತ್ತದೆ, ಅದೂ ಆಗುತ್ತದೆ. ನಾನು ಮೇಣದಬತ್ತಿಯ ಮಸಿಗೆ ಒಂದು ಹನಿ ಎಣ್ಣೆ ಕಲಸಿಕೊಳ್ಳುತ್ತೇನೆ. ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು ತೆಳು. ದಪ್ಪ ಹಚ್ಚಿದರೆ ತಾಗದ ಜಾಗಕ್ಕೂ ಮೆತ್ತಿಕೊಂಡು ಸುಳ್ಳು ಹೇಳುತ್ತದೆ. ಬ್ರಿಡಲ್ಲಿನ (ಲಾಕ್‌ನ ಒಳಭಾಗಗಳನ್ನು ಹಿಡಿದಿಡುವ ಪುಟ್ಟ ಫಲಕ) ಸ್ಕ್ರೂ ತಲೆಗಳು, ಸಿಯರ್ ಸ್ಕ್ರೂ, ಸಿಯರ್‌ನ ಬಾಲ, ಸ್ಪ್ರಿಂಗ್‌ನ ಮೈ, ಎಲ್ಲಕ್ಕೂ ಹಚ್ಚಿ. ಲಾಕನ್ನು ನೇರವಾಗಿ ಒಳಗಿಡಿ, ಮರದ ಸುತ್ತಿಗೆಯಿಂದ ಮೆತ್ತಗೆ ಎರಡು ತಟ್ಟಿ, ನೇರವಾಗಿಯೇ ಹೊರಗೆ ತೆಗೆಯಿರಿ. ಓರೆ ಮಾಡಿ ಎಳೆಯಬೇಡಿ. ಗೂಡಿನ ಅಂಚು ಚಕ್ಕೆ ಏಳುತ್ತದೆ.

ಆಮೇಲೆ ಟಾರ್ಚ್ ಹಿಡಿದು ಗೂಡಿನ ತಳ ನೋಡಿ. ಎರಡು ತರದ ಗುರುತು ಕಾಣುತ್ತವೆ. ಒಂದು ಸುಮ್ನೆ ಸವರಿದ ಬೂದು ಬಣ್ಣ. ಇನ್ನೊಂದು ಚಿಕ್ಕದು, ಕಪ್ಪು, ಅಂಚು ಗಟ್ಟಿಯಾಗಿ ಮೂಡಿರುವುದು, ಓರೆಯಿಂದ ನೋಡಿದರೆ ಹೊಳೆಯುತ್ತದೆ. ಅಲ್ಲಿ ಮರದ ಎಳೆ ಒತ್ತಿ ನುಣುಪಾಗಿರುತ್ತದೆ, ಅದಕ್ಕೇ ಹೊಳಪು. ಹೆರೆಯಬೇಕಾದ್ದು ಆ ಹೊಳೆಯುವ ಚುಕ್ಕೆಯನ್ನು ಮಾತ್ರ. ಬೂದು ಬಣ್ಣ ಮುಟ್ಟಬೇಡಿ. ಒಂದು ಕಾಗದದ ದಪ್ಪ ಹೆರೆದು, ಮತ್ತೆ ಮಸಿ, ಮತ್ತೆ ಕೂರಿಸಿ, ಮತ್ತೆ ನೋಡಿ. ನನ್ನ ಮೊದಲನೆಯ ರೈಫಲ್‌ನಲ್ಲಿ ಇದಕ್ಕೆ ಎರಡು ಶನಿವಾರ ಪೂರ್ತಿ ಹೋಯಿತು. ಎರಡನೆಯ ಶನಿವಾರ ಸಂಜೆ ಪ್ಯಾನ್ ನಳಿಗೆಯನ್ನು ಮುಟ್ಟಿದಾಗ ಬೆರಳಿಗೇ ಗೊತ್ತಾಯಿತು. ಅದುವರೆಗೆ ಮರ ತಟ್ಟಿದಂತೆ ಇದ್ದ ಸದ್ದು ಕಬ್ಬಿಣದ ಸದ್ದಾಗಿತ್ತು.

ಹೊರಗಿನ ಅಂಚಿಗೆ, ಲಾಕ್‌ಪ್ಲೇಟ್ ಸುತ್ತ ಕಾಣುವ ಗೆರೆಗೆ, ಉಳಿ ತಾಗಿಸಲೇಬೇಡಿ. ಮ್ಯೂಸಿಯಂನಲ್ಲಿ ನೀವು ನಿಂತು ನೋಡಿದ್ದು ಅಂಥ ಗೆರೆಯನ್ನೇ. ಒಳಗೆ ಸ್ವಲ್ಪ ಜಾಸ್ತಿ ಹೋದರೆ ಯಾರಿಗೂ ಕಾಣುವುದಿಲ್ಲ, ಅಂಚಿನಲ್ಲಿ ಹೋದರೆ ದಿನಾ ಕಾಣುತ್ತದೆ. ಹಾಗಂತ ಒಳಗೂ ಧಾರಾಳ ಬೇಡ. ಮುಂಭಾಗದಲ್ಲಿ, ಮೇನ್‌ಸ್ಪ್ರಿಂಗ್ ಇರುವ ಕಡೆ, ಗೂಡಿಗೂ ನಳಿಗೆಯ ಕಾಲುವೆಗೂ ಗಜದ (ಗುಂಡನ್ನು ನಳಿಗೆಯೊಳಗೆ ತಳ್ಳುವ ಕೋಲು, ನಳಿಗೆಯ ಕೆಳಗೆ ಮರದಲ್ಲಿ ಇಡುವುದು) ತೂತಿಗೂ ನಡುವೆ ಉಳಿಯುವ ಮರ ತುಂಬಾ ತೆಳು.

ಸುಮ್ಮನೆ ಕೂತಾಗ ತಾಗದ ಭಾಗ ಓಡಾಡುವಾಗ ತಾಗಬಹುದು. ಆದ್ದರಿಂದ ಕೊನೆಗೆ ಬೋಲ್ಟ್ ಬಿಗಿದು, ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ನಿಧಾನವಾಗಿ ಏರಿಸಿ ಇಳಿಸಿ, ಆಮೇಲೆ ಬಿಚ್ಚಿ ನೋಡಿ. ಚಕಮಕಿ ಕಲ್ಲಿನ ಬದಲು ಕುದುರೆಯ ಬಾಯಿಗೆ ಒಂದು ಚೂರು ಮರ ಕಚ್ಚಿಸಿ.

ಬೆಂಕಿ ಒಳಗೆ ಹೋಗುವ ತೂತನ್ನು ಈಗಲೇ ಕೊರೆಯಬೇಡಿ. ಲಾಕ್ ತನ್ನ ಜಾಗದಲ್ಲಿ ನಿಂತ ಮೇಲೆ ಕೊರೆಯಿರಿ. ತೂತಿನ ನಡುಮಧ್ಯ ಪ್ಯಾನ್‌ನ ಮೇಲಂಚಿನ ಗೆರೆಗೆ ಬರಬೇಕು, ಅರ್ಧ ಮುಳುಗಿದ ಸೂರ್ಯನ ತರ. ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್‌ನ ಮುಖ ಎಲ್ಲಿದೆ ಅಂತ ನಳಿಗೆಯ ಬಾಯಿಂದ ಗಜ ಇಳಿಸಿ ಅಳೆದು ಹೊರಗೆ ಗುರುತು ಹಾಕಿಕೊಳ್ಳಿ. ತೂತು ಆ ಗುರುತಿಗಿಂತ ಮುಂದೆ ಇರಬೇಕು. ಪ್ಲಗ್ ಬಿಚ್ಚಲು ಮಾತ್ರ ಹೋಗಬೇಡಿ.

ಒಂದು ಮಾತು, ಕೆಲಸಕ್ಕೆ ಸಂಬಂಧ ಇಲ್ಲ ಅನ್ನಿಸಬಹುದು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತ ಈ ರೈಫಲ್ ಮಾಡಿದ ಜರ್ಮನ್ ಕುಶಲಕರ್ಮಿಗಳು ಎಷ್ಟೋ ಸಲ ಲಾಕನ್ನು ತಾವು ಮಾಡುತ್ತಿರಲಿಲ್ಲ. ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಬಂದ ಲಾಕ್ ಕೊಂಡು ಕೂರಿಸುತ್ತಿದ್ದರು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ, ಹಾಗಾಗಿ ಪ್ರತಿ ಗೂಡೂ ಒಂದೇ ಒಂದು ಲಾಕ್‌ಗಾಗಿ ತೋಡಿದ್ದು. ನೀವೀಗ ಮಾಡುತ್ತಿರುವುದೂ ಅದನ್ನೇ. ಕಿಟ್ ಅಂತ ಅದನ್ನು ಕಡಿಮೆ ಅಂದುಕೊಳ್ಳಬೇಡಿ.

ಹಿಕರಿ_ಗಜ

ಲಾಕ್ ಬಗ್ಗೆ ಮಸಿ_ಕೈ ಅವರು ಎಲ್ಲ ಹೇಳಿದ್ದಾರೆ. ನಾನು ಆಕ್ವಾ ಫೋರ್ಟಿಸ್ ಬಗ್ಗೆ ಹೇಳುತ್ತೇನೆ.

ಅದು ನೈಟ್ರಿಕ್ ಆಸಿಡ್‌ನಲ್ಲಿ ಕಬ್ಬಿಣ ಕರಗಿಸಿದ ದ್ರವ. ಮನೆಯಲ್ಲಿ ಮಾಡಲು ಹೋಗಬೇಡಿ, ಕೆಟ್ಟ ಹೊಗೆ ಬರುತ್ತದೆ. ತಯಾರಾಗಿರುವುದನ್ನೇ ಕೊಳ್ಳಿ. ಕೈಗವಸು, ಕನ್ನಡಕ ಹಾಕಿಕೊಂಡು ಹೊರಗೆ ಗಾಳಿಯಲ್ಲಿ ಹಚ್ಚಿ. ಹಚ್ಚಿದಾಗ ಮರ ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ ಎಲ್ಲ ಹಾಳಾಯಿತು ಅನ್ನಿಸುತ್ತದೆ. ಹೆದರಬೇಡಿ. ಒಣಗಿದ ಮೇಲೆ ಹೀಟ್ ಗನ್ ಹಿಡಿದರೆ ಆ ಬೂದು ನಿಮ್ಮ ಕಣ್ಣೆದುರೇ ಕೆಂಪು ಕಂದು ಆಗುತ್ತಾ ಹೋಗುತ್ತದೆ, ಹುಲಿಪಟ್ಟೆ ಒಂದೊಂದೇ ಎದ್ದು ಬರುತ್ತದೆ. ನಾನು ಅದನ್ನು ನಾಲ್ಕು ಸಲ ನೋಡಿದ್ದೇನೆ, ನಾಲ್ಕೂ ಸಲ ಮನೆಯವರನ್ನೆಲ್ಲ ಕರೆದು ತೋರಿಸಿದ್ದೇನೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ಒರೆಸಿ, ಚೆನ್ನಾಗಿ ತೊಳೆದು ಒಣಗಿಸಿ, ಅಗಸೆ ಎಣ್ಣೆ ತೆಳುವಾಗಿ ಹಲವು ಸಲ. ಮೊದಲು ಒಂದು ಮೇಪಲ್ ತುಂಡಿನ ಮೇಲೆ ಪರೀಕ್ಷೆ ಮಾಡಿ.

ಮರವನ್ನು ಕೊನೆಗೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಮುಗಿಸುವುದಕ್ಕಿಂತ ಸ್ಕ್ರೇಪರ್‌ನಲ್ಲಿ ಹೆರೆದು ಮುಗಿಸಿ. ಪಟ್ಟೆ ಚೆನ್ನಾಗಿ ಕಾಣುತ್ತದೆ.

ಕೇಳದೇ ಇದ್ದರೂ ಇನ್ನೊಂದು. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಬಾಯಿಂದ ಮದ್ದು ತುಂಬುವ, ತೋಟಾ ಹಾಕಲು ಬಾರದ ಇಂಥ ರೈಫಲ್ ‘ಆಂಟಿಕ್’ ಲೆಕ್ಕಕ್ಕೆ ಬರುತ್ತದೆ. ಅದು ಫೆಡರಲ್ ಕಾನೂನು. ರಾಜ್ಯದ ನಿಯಮ ಬೇರೆ ಇರಬಹುದು, ಓದುವ ಬೇರೆಯವರೂ ತಮ್ಮ ರಾಜ್ಯದ್ದು ನೋಡಿಕೊಳ್ಳಿ. ಮತ್ತೆ, ಮೊದಲ ಈಡನ್ನು ಭುಜಕ್ಕಿಟ್ಟು ಹೊಡೆಯಬೇಡಿ. ಅನುಭವ ಇರುವವರಿಂದ ರೈಫಲ್ ಪರೀಕ್ಷೆ ಮಾಡಿಸಿ, ಅವರ ಎದುರಿಗೇ, ಕಟ್ಟಿ ನಿಲ್ಲಿಸಿ ದೂರದಿಂದ ದಾರ ಎಳೆದು ಹೊಡೆಯಿರಿ. ಕಪ್ಪು ಮದ್ದು ಬಿಟ್ಟು ಸ್ಮೋಕ್‌ಲೆಸ್ ಪೌಡರ್ ಯಾವತ್ತೂ ಹಾಕಬಾರದು. ಗುಂಡು ಮದ್ದಿನ ಮೇಲೆ ಪೂರ್ತಿ ಕೂತಿರಬೇಕು. ನಡುವೆ ಜಾಗ ಉಳಿದರೆ ನಳಿಗೆ ಸಿಡಿಯಬಹುದು. ಅದಕ್ಕೇ ಗಜದ ಮೇಲೆ ಗೆರೆ ಹಾಕಿಟ್ಟುಕೊಳ್ಳುವುದು. 1933ರಲ್ಲಿ ಶುರುವಾದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಇಂಡಿಯಾನಾದ ಫ್ರೆಂಡ್‌ಶಿಪ್‌ನಲ್ಲಿ ಮೇಳ ನಡೆಸುತ್ತದೆ. ಅಲ್ಲಿಗೆ ಹೋದರೆ ಇಂಥವರು ಖಂಡಿತ ಸಿಗುತ್ತಾರೆ.

ಹೊಸ_ಉಳಿ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಮೊದಲು ನಳಿಗೆ ನೋಡಿದೆ. ಬ್ರೀಚ್‌ಗೆ ಮಸಿ ಹಚ್ಚಿ ಕೂರಿಸಿ ತೆಗೆದರೆ ಮರದ ಮೇಲೆ ಗುರುತು ಬಿದ್ದದ್ದು ಕೆಳಗಿನ ಎಡ ಮೂಲೆಯಲ್ಲಿ ಮಾತ್ರ, ಉಗುರಿನಷ್ಟು. ಇಷ್ಟು ದಿನ ಅದು ಪೂರ್ತಿ ಕೂತಿದೆ ಅಂತಲೇ ನಂಬಿದ್ದೆ. ಅದನ್ನು ಸರಿಮಾಡಲು ನಾಲ್ಕು ಸಂಜೆ ಹಿಡಿಯಿತು. ಈಗ ಗುರುತು ಅಗಲಕ್ಕೂ ಬೀಳುತ್ತದೆ.

ಆಮೇಲೆ ಲಾಕ್. ಟಾರ್ಚ್ ಓರೆಯಾಗಿ ಹಿಡಿದಾಗ ನೀವು ಹೇಳಿದ ಹೊಳಪು ಸಿಕ್ಕಿತು. ಸಾಸಿವೆ ಕಾಳಿನಷ್ಟು ಚುಕ್ಕೆ, ಬ್ರಿಡಲ್ಲಿನ ಹಿಂದಿನ ಸ್ಕ್ರೂ ತಲೆಯ ಎದುರಿಗೆ ಸರಿಯಾಗಿ. ಅದರೊಳಗೆ ಸ್ಕ್ರೂವಿನ ಸೀಳಿನ ಗೆರೆ ಕೂಡ ಮೂಡಿತ್ತು. ಆ ಒಂದು ಚುಕ್ಕೆಗೆ ನಾನು ಒಂದು ವಾರ ಒದ್ದಾಡಿದ್ದೆ. ಹನ್ನೊಂದು ಸಲ ಮಸಿ ಹಚ್ಚಿ ಹನ್ನೊಂದು ಸಲ ಹೆರೆದೆ. ಎಂಟನೇ ಸಲಕ್ಕೆ ಕಾರ್ಡ್ ತೂರುವುದು ನಿಂತಿತು. ಹನ್ನೊಂದನೇ ಸಲಕ್ಕೆ ತೆಳು ಕಾಗದವೂ ತೂರಲಿಲ್ಲ. ಬೋಲ್ಟ್ ಪೂರ್ತಿ ಬಿಗಿದು ಕುದುರೆ ಬಿಟ್ಟೆ. ಕೈಯಲ್ಲಿ ಹಿಡಿದಾಗ ಹೇಗೆ ಬೀಳುತ್ತಿತ್ತೋ ಹಾಗೇ ಬಿತ್ತು.

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಲ್ಲಿ ಕ್ರಿಸ್‌ಮಸ್ ಆದ ಮೇಲೆ ಫ್ಲಿಂಟ್‌ಲಾಕ್‌ಗೆ ಮಾತ್ರ ಅಂತ ಒಂದು ಜಿಂಕೆ ಬೇಟೆ ಸೀಸನ್ ಇದೆ, 1974ರಿಂದ ನಡೆಯುತ್ತಿದೆ. ಮುಂದಿನ ವರ್ಷ ಅಷ್ಟು ಹೊತ್ತಿಗೆ ಇದು ಸಿದ್ಧವಾಗಬೇಕು ಅಂತ ಆಸೆ.

ಒಂದು ಹೊಸ ವಿಷಯ. ಲಾಕ್ ಬಿಗಿದ ಮೇಲೆ ಗಜ ಮರದಲ್ಲಿರುವ ಅದರ ತೂತಿನೊಳಗೆ ಕೊನೆಯ ಮೂರು ಇಂಚು ಹೋಗುತ್ತಿಲ್ಲ. ಮೊದಲು ಹೋಗುತ್ತಿತ್ತು.

ಮಸಿ_ಕೈ

ಸ್ಕ್ರೂವಿನ ಸೀಳು ಸಮೇತ ಗುರುತು ಕಂಡಿರಲ್ಲ, ಅಷ್ಟು ತೆಳುವಾಗಿ ಮಸಿ ಹಚ್ಚುವುದು ನಿಮಗೆ ಬಂದಿದೆ. ಓದಿ ಖುಷಿಯಾಯಿತು.

ಗಜಕ್ಕೆ ಅಡ್ಡ ಬರುತ್ತಿರುವುದು ಮುಂದಿನ ಬೋಲ್ಟ್. ಅದು ನಳಿಗೆಗೂ ಗಜಕ್ಕೂ ನಡುವಿನ ಸಣ್ಣ ಜಾಗದಲ್ಲಿ ಹಾದುಹೋಗುತ್ತದೆ. ಆ ಬೋಲ್ಟ್ ತೆಗೆದು ಗಜ ತೂರಿಸಿ ನೋಡಿ, ಹೋದರೆ ಅದೇ ಕಾರಣ. ಗಜದ ತುದಿಗೆ ಮಸಿ ಹಚ್ಚಿದರೆ ಬೋಲ್ಟಿನ ಯಾವ ಜಾಗಕ್ಕೆ ತಾಗುತ್ತದೆ ಅಂತ ಗೊತ್ತಾಗುತ್ತದೆ. ತೂತು ದೊಡ್ಡದು ಮಾಡಬೇಡಿ. ಗಜದ ಕೊನೆಯ ಐದಾರು ಇಂಚನ್ನು ಸ್ವಲ್ಪ ಸ್ವಲ್ಪವಾಗಿ ಹೆರೆದು ಸಣ್ಣ ಮಾಡುತ್ತಾ ಬನ್ನಿ. ಅಷ್ಟರಲ್ಲೇ ಹೋಗಬೇಕು. ಹೋಗದಿದ್ದರೆ ಬೋಲ್ಟಿನ ಕೆಳಮೈಯನ್ನು ಆ ಗುರುತಿನಲ್ಲಿ ಅರದಿಂದ ಎರಡು ಸಲ ಉಜ್ಜಿ ನೋಡಿ. ಗಜ ಹಿಕರಿ ಮರದ್ದು ತಾನೇ? ಹೆರೆಯುವ ಮೊದಲು ಅದರ ಎಳೆ ಯಾವ ಕಡೆ ಓಡಿದೆ ಅಂತ ಒಂದು ಫೋಟೋ ಹಾಕಿ.