ಲ್ಯಾಂಬ್ಡಾ ಫಂಕ್ಷನ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುತ್ತದೆ, ಡಿಪ್ಲಾಯ್ ಮಾಡಿದ ಮೇಲೆ ಒಂದೊಂದಾಗಿ ತೊಂದರೆ

ಪ್ರಶ್ನೆ (ಬರೆದವರು: ಡೈರಿ ಡೆವಲಪರ್)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ಸಣ್ಣದೊಂದು ವ್ಯವಸ್ಥೆಯನ್ನು ಸಿದ್ಧಪಡಿಸುತ್ತಿದ್ದೇನೆ. ಸಂಘದ ಕಾರ್ಯದರ್ಶಿಯವರು ಸದಸ್ಯರ ಹಾಲಿನ ಚೀಟಿಗಳ ಫೋಟೊ ತೆಗೆದು ಎಸ್3 ಬಕೆಟ್‌ಗೆ (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹಕ್ಕೆ) ಹಾಕುತ್ತಾರೆ. ಫೋಟೊ ಬಂದೊಡನೆ ಪೈಥಾನ್ 3.12ರಲ್ಲಿ ಬರೆದ ಎಡಬ್ಲ್ಯೂಎಸ್ ಲ್ಯಾಂಬ್ಡಾ ಫಂಕ್ಷನ್ (ಕರೆ ಬಂದಾಗ ಮಾತ್ರ ಅಮೆಜಾನ್ ಕ್ಲೌಡ್‌ನಲ್ಲಿ ಓಡುವ ಕೋಡ್) ಓಡಿ, ಮೊದಲು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಟೇಬಲ್‌ಗೆ ಒಂದು ಸಾಲು ಸೇರಿಸಬೇಕು. ಆಮೇಲೆ ಫೋಟೊವನ್ನು ಚಿಕ್ಕದಾಗಿಸಿ, ಅದರ ಕೆಳಗೆ ಸದಸ್ಯರ ಹೆಸರು ಮತ್ತು ದಿನಾಂಕವನ್ನು ಕನ್ನಡದಲ್ಲಿ ಮೂಡಿಸಿ, ಬೇರೊಂದು ಬಕೆಟ್‌ಗೆ ಬರೆಯಬೇಕು. ಎರಡೂ ಬಕೆಟ್‌ಗಳು ಮತ್ತು ಡೇಟಾಬೇಸ್ ಮುಂಬೈ ರೀಜನ್‌ನಲ್ಲಿವೆ.

ನನ್ನ ಮ್ಯಾಕ್‌ಬುಕ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ. ಜಿಪ್ ಮಾಡಿ ಡಿಪ್ಲಾಯ್ ಮಾಡಿದಾಗ (ಕ್ಲೌಡ್‌ಗೆ ಏರಿಸಿದಾಗ) ಮೊದಲು ಚಿತ್ರ ಸಂಸ್ಕರಿಸುವ ಪಿಲ್ಲೋ ಲೈಬ್ರರಿಯ ಇಮೇಜಿಂಗ್ ಮಾಡ್ಯೂಲ್ ಇಂಪೋರ್ಟ್ ಆಗುತ್ತಿಲ್ಲ ಎಂಬ ದೋಷ ಬಂತು. ಪಿಲ್ಲೋ ಮತ್ತು ಡೇಟಾಬೇಸ್ ಭಾಗಗಳನ್ನು ತೆಗೆದು, ಫೋಟೊ ಓದುವುದನ್ನಷ್ಟೇ ಪರೀಕ್ಷಿಸಿದೆ. ಇಂಗ್ಲಿಷ್ ಹೆಸರಿನ ಫೈಲ್‌ಗಳನ್ನು ಫಂಕ್ಷನ್ ಓದಿತು, ಆದರೆ ಕನ್ನಡ ಹೆಸರಿನ ಫೈಲ್‌ಗಳಿಗೆಲ್ಲ ‘ಆಕ್ಸೆಸ್ ಡಿನೈಡ್’ ಬಂತು. ಒಂದೇ ಬಕೆಟ್, ಒಂದೇ ರೋಲ್ (ಫಂಕ್ಷನ್‌ಗೆ ಕೊಟ್ಟ ಅನುಮತಿಗಳ ಗುಚ್ಛ); ಅನುಮತಿಯಲ್ಲಿ ಭಾಷೆಯ ಭೇದವಿರಲು ಹೇಗೆ ಸಾಧ್ಯ ಎಂಬುದು ತಿಳಿಯದಾಗಿದೆ. ನಂತರ ಡೇಟಾಬೇಸ್ ತಲುಪಲೆಂದು ಫಂಕ್ಷನ್ನನ್ನು ವಿಪಿಸಿಗೆ (ಕ್ಲೌಡ್‌ನೊಳಗಿನ ನಮ್ಮ ಖಾಸಗಿ ನೆಟ್‌ವರ್ಕ್‌ಗೆ) ಸೇರಿಸಿದೆ. ಅಂದಿನಿಂದ ಯಾವ ಫೈಲ್ ಹಾಕಿದರೂ 60 ಸೆಕೆಂಡ್ ಕಳೆದು ಟೈಮ್‌ಔಟ್ ಆಗುತ್ತಿದೆ, ಮತ್ತು ಒಂದೊಂದು ಫೋಟೊಗೆ ಟೇಬಲ್‌ನಲ್ಲಿ ಮೂರು ಮೂರು ಸಾಲುಗಳು ಕಾಣುತ್ತಿವೆ. ಟೈಮ್‌ಔಟ್ ಅವಧಿಯನ್ನು ಗರಿಷ್ಠ ಮಿತಿಯಾದ 15 ನಿಮಿಷಕ್ಕೆ ಏರಿಸಿದರೆ ಸರಿಹೋಗಬಹುದೇ? ಮೆಮೊರಿ 128 ಎಂಬಿ ಇದೆ. ಚೀಟಿಯ ಲೆಕ್ಕದ ಮೇಲೆ ಬಡವರ ಹಾಲಿನ ಹಣ ಬಟವಾಡೆಯಾಗುವುದರಿಂದ ಇದನ್ನು ತಾತ್ಕಾಲಿಕ ತೇಪೆಯಲ್ಲಿ ಬಿಡಲು ನನಗೆ ಮನಸ್ಸಿಲ್ಲ.

ಉತ್ತರ 1 (ಬರೆದವರು: ಮೈಸೂರಿನ ಕ್ಲೌಡ್ ಎಂಜಿನಿಯರ್)

ನಮಸ್ಕಾರ. ದಯವಿಟ್ಟು ಟೈಮ್‌ಔಟ್ ಏರಿಸಬೇಡಿ. ನಿಮ್ಮ ಫಂಕ್ಷನ್ ನಿಧಾನವಾಗಿಲ್ಲ, ಅದು ಎಂದಿಗೂ ಬಾರದ ಉತ್ತರಕ್ಕಾಗಿ ಕಾಯುತ್ತಿದೆ. 15 ನಿಮಿಷ ಕೊಟ್ಟರೆ 15 ನಿಮಿಷ ಕಾದು ಸಾಯುತ್ತದೆ, ಆ ಅಷ್ಟೂ ಹೊತ್ತಿಗೆ ಬಿಲ್ ಬೀಳುತ್ತದೆ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಕ್ಲೌಡ್‌ವಾಚ್ ಲಾಗ್‌ನಲ್ಲಿ (ಫಂಕ್ಷನ್ ಓಡಿದ ದಾಖಲೆಯಲ್ಲಿ) ಪ್ರತಿ ಓಟದ ಕೊನೆಗೆ ‘ರಿಪೋರ್ಟ್’ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಎಷ್ಟು ಹೊತ್ತು ಓಡಿತು, ಎಷ್ಟು ಮೆಮೊರಿ ಕೊಟ್ಟಿದೆ, ಗರಿಷ್ಠ ಎಷ್ಟು ಬಳಕೆಯಾಯಿತು ಎಂಬುದೆಲ್ಲ ಅಲ್ಲಿದೆ. ಬಳಕೆಯು ಕೊಟ್ಟ ಮಿತಿಗೆ ಹತ್ತಿರ ಬಂದಿದ್ದರೆ ಮೆಮೊರಿಯನ್ನು ಅನುಮಾನಿಸಬೇಕು. ಬಳಕೆ ಕಡಿಮೆಯಿದ್ದು, ಅವಧಿ ಮಾತ್ರ ಸರಿಯಾಗಿ ಟೈಮ್‌ಔಟ್‌ನ ಅಂಕಿಗೇ ಬಂದು ನಿಂತಿದ್ದರೆ, ನೂರಕ್ಕೆ ತೊಂಬತ್ತು ಪಾಲು ಅದು ನೆಟ್‌ವರ್ಕ್ ದಾರಿಯಿಲ್ಲದ ಸ್ಥಿತಿ.

ವಿಪಿಸಿಗೆ ಸೇರಿದ ಲ್ಯಾಂಬ್ಡಾ ಫಂಕ್ಷನ್‌ಗೆ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ. ಪಬ್ಲಿಕ್ ಸಬ್‌ನೆಟ್‌ನಲ್ಲಿ (ವಿಪಿಸಿಯ ಇಂಟರ್ನೆಟ್‌ಗೆ ತೆರೆದ ಭಾಗದಲ್ಲಿ) ಇಟ್ಟರೂ ಸಿಗುವುದಿಲ್ಲ. ಈ ಒಂದು ಅಂಶ ಗೊತ್ತಿಲ್ಲದೆ ಜನ ವಾರಗಟ್ಟಲೆ ಸಬ್‌ನೆಟ್ ಬದಲಿಸುತ್ತಾ ಕೂರುವುದನ್ನು ನೋಡಿದ್ದೇನೆ. ವಿಪಿಸಿಯ ಒಳಗಿರುವ ಡೇಟಾಬೇಸ್ ನಿಮಗೆ ಸಿಕ್ಕಿತು, ಹಾಗಾಗಿ ಸಾಲು ಸೇರಿತು. ಎಸ್3 ಹೊರಗಿದೆ, ಅಲ್ಲಿಗೆ ದಾರಿಯಿಲ್ಲ, ಹಾಗಾಗಿ ಫೋಟೊ ಓದುವ ಸಾಲಿನಲ್ಲಿ ಫಂಕ್ಷನ್ ನಿಂತುಬಿಟ್ಟಿತು. ಎಡಬ್ಲ್ಯೂಎಸ್ ಸೇವೆಗಳನ್ನು ಕರೆಯಲು ಬಳಸುವ ಪೈಥಾನ್‌ನ ಬೋಟೊ3 ಲೈಬ್ರರಿ ಒಂದು ಸಂಪರ್ಕಕ್ಕಾಗಿ ತಾನಾಗಿಯೇ 60 ಸೆಕೆಂಡ್ ಕಾಯುತ್ತದೆ, ವಿಫಲವಾದರೆ ಮತ್ತೆ ಯತ್ನಿಸುತ್ತದೆ. ಅದು ದೋಷವನ್ನು ಎತ್ತಿ ಹೇಳುವ ಮೊದಲೇ ನಿಮ್ಮ 60 ಸೆಕೆಂಡ್‌ಗಳ ಮಿತಿ ಮುಗಿಯುವುದರಿಂದ ಲಾಗ್‌ನಲ್ಲಿ ಕಾರಣವೇ ಕಾಣುವುದಿಲ್ಲ. ಬೋಟೊ3 ಕ್ಲೈಂಟ್ ರಚಿಸುವಾಗಲೇ ಸಂಪರ್ಕದ ಕಾಲಮಿತಿಯನ್ನು 5 ಸೆಕೆಂಡ್‌ಗೆ ಇಳಿಸಿ, ಮರುಯತ್ನಗಳನ್ನೂ ಕಡಿಮೆ ಮಾಡಿ. ಆಗ ಸುಮ್ಮನೆ ಸಾಯುವ ಬದಲು ಯಾವ ವಿಳಾಸ ಸಿಗಲಿಲ್ಲ ಎಂಬುದನ್ನು ಲಾಗ್ ಹೇಳುತ್ತದೆ.

ಪರಿಹಾರವಾಗಿ ನಿಮ್ಮ ವಿಪಿಸಿಯಲ್ಲಿ ಎಸ್3ಗೆ ಒಂದು ಗೇಟ್‌ವೇ ಎಂಡ್‌ಪಾಯಿಂಟ್ (ಇಂಟರ್ನೆಟ್ ಹಾಯದ ನೇರ ದಾರಿ) ರಚಿಸಿ, ಫಂಕ್ಷನ್ ಇರುವ ಸಬ್‌ನೆಟ್‌ಗಳ ರೂಟ್ ಟೇಬಲ್‌ಗಳನ್ನೆಲ್ಲ (ದಾರಿ ತೋರುವ ಪಟ್ಟಿಗಳನ್ನೆಲ್ಲ) ಅದಕ್ಕೆ ಜೋಡಿಸಿ. ಒಂದು ಸಬ್‌ನೆಟ್ ಬಿಟ್ಟುಹೋದರೆ ಫಂಕ್ಷನ್ ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ನಿಲ್ಲುತ್ತದೆ. ಅದನ್ನು ಹುಡುಕುವುದು ಇನ್ನೂ ಕಷ್ಟ. ಈ ಎಂಡ್‌ಪಾಯಿಂಟ್‌ಗೆ ಪ್ರತ್ಯೇಕ ಶುಲ್ಕವಿಲ್ಲ, ಬಕೆಟ್ ಅದೇ ರೀಜನ್‌ನಲ್ಲಿ ಇರಬೇಕಷ್ಟೆ. ನಾಟ್ ಗೇಟ್‌ವೇ (ವಿಪಿಸಿಯಿಂದ ಇಂಟರ್ನೆಟ್‌ಗೆ ಹೋಗುವ ದಾರಿ) ಹಾಕಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದಕ್ಕೆ ಗಂಟೆಯ ಲೆಕ್ಕದಲ್ಲಿ ಮತ್ತು ಹಾದುಹೋದ ಪ್ರತಿ ಜಿಬಿಗೆ ಬೇರೆ ಬೇರೆ ಹಣ ಕೊಡಬೇಕು. ಎಸ್3 ಒಂದಕ್ಕಾಗಿ ಸಹಕಾರ ಸಂಘದ ಮೇಲೆ ಆ ಖರ್ಚನ್ನು ಹೇರುವುದು ನನಗೆ ಸರಿಕಾಣುವುದಿಲ್ಲ.

ಇಂಪೋರ್ಟ್ ದೋಷ ಸುಲಭದ್ದು. ಪಿಲ್ಲೋದ ಒಳಗೆ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಭಾಗಗಳಿವೆ, ನೀವು ಜಿಪ್‌ಗೆ ಸೇರಿಸಿದ್ದು ಮ್ಯಾಕ್‌ಗೆಂದು ಕಂಪೈಲ್ ಆದವು. ಲ್ಯಾಂಬ್ಡಾದ ಪೈಥಾನ್ 3.12 ಓಡುವುದು ಅಮೆಜಾನ್ ಲಿನಕ್ಸ್ 2023ರ ಮೇಲೆ. ಫಂಕ್ಷನ್ನಿನ ಆರ್ಕಿಟೆಕ್ಚರ್ ಅನ್ನು ಆರ್ಮ್ ಎಂದು ಬದಲಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಚಿಪ್ ಹೊಂದಿದರೂ ಆಪರೇಟಿಂಗ್ ಸಿಸ್ಟಂ ಹೊಂದುವುದಿಲ್ಲ. ಪಿಪ್‌ಗೆ (ಪೈಥಾನ್ ಲೈಬ್ರರಿಗಳನ್ನು ತರುವ ಸಾಧನಕ್ಕೆ) ಲಿನಕ್ಸ್‌ಗೆಂದಿರುವ ಮೆನಿಲಿನಕ್ಸ್2014 ಪ್ಲಾಟ್‌ಫಾರ್ಮ್‌ನ, ನಿಮ್ಮ ಫಂಕ್ಷನ್ನಿನ ಆರ್ಕಿಟೆಕ್ಚರ್‌ಗೆ ಹೊಂದುವ, ಸಿದ್ಧ ಬೈನರಿಗಳನ್ನೇ ತರುವಂತೆ ಸೂಚಿಸಿ. ಇಲ್ಲವೇ ಕಂಟೈನರ್ ಇಮೇಜ್ (ಕೋಡ್ ಮತ್ತು ಅದಕ್ಕೆ ಬೇಕಾದ ಸಿಸ್ಟಂ ಭಾಗಗಳೆಲ್ಲ ಸೇರಿದ ಪೊಟ್ಟಣ) ಆಗಿಯೇ ಡಿಪ್ಲಾಯ್ ಮಾಡಿ. ಬಿಚ್ಚಿದ ಜಿಪ್‌ಗೆ 250 ಎಂಬಿ ಮಿತಿಯಿದ್ದರೆ ಇಮೇಜ್‌ಗೆ 10 ಜಿಬಿಯವರೆಗೆ ಅವಕಾಶವಿದೆ.

ಮೆಮೊರಿಯ ಬಗ್ಗೆ ಒಂದು ಮಾತು. ಲ್ಯಾಂಬ್ಡಾದಲ್ಲಿ ಸಿಪಿಯುವನ್ನು ಬೇರೆಯಾಗಿ ಕೇಳಲು ಬರುವುದಿಲ್ಲ, ಮೆಮೊರಿಗೆ ತಕ್ಕಂತೆ ಅದು ಹೆಚ್ಚುತ್ತದೆ, ಮತ್ತು 1,769 ಎಂಬಿಗೆ ಒಂದು ಪೂರ್ಣ ವರ್ಚುವಲ್ ಸಿಪಿಯು ಸಿಗುತ್ತದೆ. 128 ಎಂಬಿಯಲ್ಲಿ ಮೊಬೈಲ್ ಕ್ಯಾಮೆರಾದ ದೊಡ್ಡ ಫೋಟೊವನ್ನು ಬಿಡಿಸಿ ಚಿಕ್ಕದಾಗಿಸುವುದು ತುಂಬಾ ನಿಧಾನವಾಗುತ್ತದೆ, ಮೆಮೊರಿಯೂ ಸಾಲದಾಗಬಹುದು. 1,024 ಎಂಬಿಯಿಂದ ಶುರುಮಾಡಿ ರಿಪೋರ್ಟ್ ಸಾಲನ್ನು ನೋಡುತ್ತಾ ಇಳಿಸಿ. ಬೇಗ ಮುಗಿಯುವುದರಿಂದ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ.

ಉತ್ತರ 2 (ಬರೆದವರು: ಬ್ಯಾಕೆಂಡ್ ಬರಹ)

ಕನ್ನಡ ಹೆಸರಿನ ಫೈಲ್‌ಗಳ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ರೋಲ್‌ನಲ್ಲಿ ಭಾಷೆಯ ಭೇದವಿಲ್ಲ, ಅಲ್ಲಿ ಎರಡು ಸಂಗತಿಗಳು ಒಂದರ ಹಿಂದೆ ಒಂದು ಅಡಗಿವೆ.

ಎಸ್3 ಕಳುಹಿಸುವ ಈವೆಂಟ್‌ನಲ್ಲಿ (ಫೈಲ್ ಬಂತೆಂದು ತಿಳಿಸುವ ಸಂದೇಶದಲ್ಲಿ) ಫೈಲಿನ ಹೆಸರು ಇದ್ದಂತೆ ಬರುವುದಿಲ್ಲ, ಯುಆರ್‌ಎಲ್‌ಗೆ ಹೊಂದುವಂತೆ ಎನ್‌ಕೋಡ್ ಆಗಿ ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಅಕ್ಷರ ಅಥವಾ ಚಿಹ್ನೆಗೆ ಕೊಟ್ಟ ಸಂಖ್ಯೆಗೆ) 3 ಬೈಟ್ ಬೇಕು, ಪ್ರತಿ ಬೈಟ್ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರಗಳಾಗುತ್ತದೆ. ‘ಹಾಲು’ ಎಂಬ ಪದದಲ್ಲಿ ಹ, ದೀರ್ಘ, ಲ, ಕೊಂಬು ಎಂದು ನಾಲ್ಕು ಕೋಡ್‌ಪಾಯಿಂಟ್‌ಗಳಿವೆ. ಈವೆಂಟ್‌ನಲ್ಲಿ ಅದು 36 ಅಕ್ಷರಗಳ ಸರಪಳಿಯಾಗಿ ಬರುತ್ತದೆ. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಅದು ಕೂಡಿಸುವ ಚಿಹ್ನೆಯಾಗುತ್ತದೆ. ಆ ಸರಪಳಿಯನ್ನೇ ಕೀ (ಎಸ್3ನಲ್ಲಿ ಫೈಲಿನ ಹೆಸರು) ಎಂದು ಎಸ್3ಗೆ ವಾಪಸ್ ಕೊಟ್ಟರೆ ಅಂಥ ಫೈಲ್ ಬಕೆಟ್‌ನಲ್ಲಿ ಇರುವುದೇ ಇಲ್ಲ. ಖಾಲಿ ಜಾಗವಿಲ್ಲದ ಇಂಗ್ಲಿಷ್ ಹೆಸರುಗಳು ಎನ್‌ಕೋಡ್ ಆದರೂ ಬದಲಾಗುವುದಿಲ್ಲವಾದ್ದರಿಂದ ನಿಮ್ಮ ಪರೀಕ್ಷೆಯಲ್ಲಿ ಅವು ಪಾರಾದವು.

ಹಾಗಿದ್ದರೆ ‘ಫೈಲ್ ಇಲ್ಲ’ ಎನ್ನುವ ಬದಲು ‘ಅನುಮತಿ ಇಲ್ಲ’ ಎಂದು ಏಕೆ ಬಂತು? ಬಕೆಟ್‌ನಲ್ಲಿರುವ ಫೈಲ್‌ಗಳ ಪಟ್ಟಿ ನೋಡುವ ‘ಲಿಸ್ಟ್ ಬಕೆಟ್’ ಅನುಮತಿ ನಿಮ್ಮ ರೋಲ್‌ಗೆ ಇಲ್ಲದಿರಬೇಕು. ಆ ಅನುಮತಿ ಇಲ್ಲದವರು ಇಲ್ಲದ ಫೈಲ್ ಕೇಳಿದರೆ ಎಸ್3 404 (ಫೈಲ್ ಇಲ್ಲ) ಕೊಡುವುದಿಲ್ಲ, 403 (ಅನುಮತಿ ಇಲ್ಲ) ಕೊಡುತ್ತದೆ. ಫೈಲ್ ಇದೆಯೋ ಇಲ್ಲವೋ ಎಂಬ ಸಂಗತಿಯನ್ನೂ ಅಪರಿಚಿತರಿಗೆ ಬಿಟ್ಟುಕೊಡಬಾರದೆಂಬ ಕಾರಣಕ್ಕೆ ಈ ವ್ಯವಸ್ಥೆ, ಮತ್ತು ಅದು ಸರಿಯಾದದ್ದೇ. ಆದ್ದರಿಂದ ರೋಲ್‌ಗೆ ಎಲ್ಲ ಅನುಮತಿಗಳನ್ನೂ ಸುರಿದು ನೋಡುವ ಯೋಚನೆ ಇದ್ದರೆ ಕೈಬಿಡಿ. ಆಗಲೂ ದೋಷ ಹೋಗುವುದಿಲ್ಲ, 403 ಇದ್ದದ್ದು 404 ಆಗುತ್ತದೆ.

ಈವೆಂಟ್‌ನಿಂದ ಕೀ ತೆಗೆದ ಕೂಡಲೇ ಪೈಥಾನ್‌ನ ಯುಆರ್‌ಎಲ್‌ಲಿಬ್‌ನಲ್ಲಿರುವ ‘ಅನ್‌ಕೋಟ್ ಪ್ಲಸ್’ ಮೂಲಕ ಅದನ್ನು ಹಾಯಿಸಿ. ಬರೀ ‘ಅನ್‌ಕೋಟ್’ ಬಳಸಿದರೆ ಕೂಡಿಸುವ ಚಿಹ್ನೆ ಹಾಗೆಯೇ ಉಳಿದು, ಹೆಸರಿನಲ್ಲಿ ಖಾಲಿ ಜಾಗವಿರುವ ಫೈಲ್‌ಗಳು ಮತ್ತೆ ಕೈಕೊಡುತ್ತವೆ.

ಇನ್ನೊಂದು ಸೂಕ್ಷ್ಮವನ್ನೂ ಈಗಲೇ ಹೇಳಿಬಿಡುತ್ತೇನೆ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ ಆಗಿಯೂ, ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎಂಬ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಎಸ್3ಗೆ ಬೇರೆ ಬೇರೆ. ಫೈಲಿನ ಹೆಸರಿನಿಂದ ಸದಸ್ಯರ ಹೆಸರನ್ನು ತೆಗೆದು ಟೇಬಲ್‌ನಲ್ಲಿ ಹುಡುಕುವುದಾದರೆ ಎರಡೂ ಕಡೆ ಎನ್‌ಎಫ್‌ಸಿ ಎಂಬ ಒಂದೇ ಕೂಡಿದ ರೂಪಕ್ಕೆ ತನ್ನಿ, ಆದರೆ ಎಸ್3ನಿಂದ ಓದಲು ಬಳಸುವ ಕೀಯನ್ನು ಮಾತ್ರ ಮುಟ್ಟಬೇಡಿ. ನನ್ನನ್ನು ಕೇಳಿದರೆ ಫೈಲಿಗೆ ಸದಸ್ಯರ ಸಂಖ್ಯೆಯನ್ನೇ ಹೆಸರಾಗಿಟ್ಟು, ಕನ್ನಡದ ಹೆಸರನ್ನು ಡೇಟಾಬೇಸ್‌ನಲ್ಲಿ ಇಡುವುದು ಒಳ್ಳೆಯದು.

ಉತ್ತರ 3 (ಬರೆದವರು: ಸರತಿ ಸಾಲು)

ಮೂರು ಸಾಲುಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎಸ್3 ಲ್ಯಾಂಬ್ಡಾವನ್ನು ಕರೆಯುವುದು ಅಸಿಂಕ್ರನಸ್ ಆಗಿ, ಅಂದರೆ ಉತ್ತರಕ್ಕೆ ಕಾಯದೆ. ಅಂಥ ಕರೆ ದೋಷದಲ್ಲಿ ಅಥವಾ ಟೈಮ್‌ಔಟ್‌ನಲ್ಲಿ ಮುಗಿದರೆ ಲ್ಯಾಂಬ್ಡಾ ತಾನಾಗಿಯೇ ಇನ್ನೆರಡು ಬಾರಿ ಓಡಿಸುತ್ತದೆ: ಮೊದಲ ಮರುಯತ್ನ ಸುಮಾರು 1 ನಿಮಿಷದ ನಂತರ, ಎರಡನೆಯದು ಮತ್ತೆ 2 ನಿಮಿಷದ ನಂತರ. ಪ್ರತಿ ಬಾರಿಯೂ ನಿಮ್ಮ ಫಂಕ್ಷನ್ ಮೊದಲು ಸಾಲು ಸೇರಿಸಿ, ಆಮೇಲೆ ಎಸ್3 ಬಳಿ ಸಿಕ್ಕಿಕೊಂಡಿದೆ. ಲಾಗ್‌ನಲ್ಲಿ ಮೂರೂ ಓಟಗಳ ರಿಕ್ವೆಸ್ಟ್ ಐಡಿ ನೋಡಿ, ಒಂದೇ ಇರುತ್ತದೆ.

ನೆಟ್‌ವರ್ಕ್ ಸರಿಪಡಿಸಿದ ಮೇಲೆ ಇದು ಕಾಣದಂತಾಗುತ್ತದೆ, ಆದರೆ ಹೋಗಿರುವುದಿಲ್ಲ. ಎಸ್3 ತನ್ನ ಈವೆಂಟ್‌ಗಳನ್ನು ಕನಿಷ್ಠ ಒಮ್ಮೆ ತಲುಪಿಸುವುದಾಗಿ ಹೇಳುತ್ತದೆ, ಒಮ್ಮೆ ಮಾತ್ರ ಎಂದು ಹೇಳುವುದಿಲ್ಲ. ಹಾಲಿನ ಹಣದ ಲೆಕ್ಕದಲ್ಲಿ ಒಂದು ಚೀಟಿ ಎರಡು ಬಾರಿ ದಾಖಲಾದರೆ ಆಗುವ ಜಗಳ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಕೆಟ್, ಕೀ ಮತ್ತು ಈವೆಂಟ್‌ನಲ್ಲಿ ಬರುವ ಇ-ಟ್ಯಾಗ್ (ಫೈಲಿನ ಒಳಗಿರುವುದನ್ನು ಗುರುತಿಸುವ ಸಂಕೇತ) ಈ ಮೂರರ ಮೇಲೆ ಟೇಬಲ್‌ನಲ್ಲಿ ಒಂದೇ ಸಾಲು ಎರಡು ಬಾರಿ ಸೇರದಂತೆ ಯೂನಿಕ್ ನಿರ್ಬಂಧ ಹಾಕಿ, ಪೋಸ್ಟ್‌ಗ್ರೆಸ್‌ನ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಬಳಸಿ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಸಾಲು ಈಗಾಗಲೇ ಇದೆ ಎಂದಾಕ್ಷಣ ಕೆಲಸ ಮುಗಿದಿದೆ ಎಂದುಕೊಂಡು ಫಂಕ್ಷನ್ ಹೊರಬಂದುಬಿಟ್ಟರೆ, ಮೊದಲ ಓಟ ಅರ್ಧದಲ್ಲಿ ಸತ್ತ ಫೋಟೊಗಳ ಚಿಕ್ಕ ಚಿತ್ರ ಎಂದೂ ತಯಾರಾಗುವುದಿಲ್ಲ. ಚಿತ್ರವನ್ನು ಮೊದಲು ತಯಾರಿಸಿ, ಸಾಲನ್ನು ಕೊನೆಯಲ್ಲಿ ಸೇರಿಸಿ. ಚಿತ್ರವನ್ನು ಅದೇ ಹೆಸರಿನಲ್ಲಿ ಎರಡು ಬಾರಿ ಬರೆದರೆ ನಷ್ಟವೇನೂ ಇಲ್ಲ. ಮೂರು ಯತ್ನಗಳ ನಂತರವೂ ಸೋತ ಈವೆಂಟ್‌ಗಳು ಕಳೆದುಹೋಗದಂತೆ ಅವುಗಳನ್ನು ಒಂದು ಎಸ್‌ಕ್ಯೂಎಸ್ (ಎಡಬ್ಲ್ಯೂಎಸ್‌ನ ಸಂದೇಶ ಸರತಿ ಸೇವೆ) ಸರತಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿಕೊಳ್ಳಿ.

ಕಾರ್ಯದರ್ಶಿಯವರು ನೂರು ಫೋಟೊಗಳನ್ನು ಒಟ್ಟಿಗೆ ಹಾಕಿದರೆ ನೂರು ಫಂಕ್ಷನ್‌ಗಳು ಒಮ್ಮೆಗೇ ಎದ್ದು ಡೇಟಾಬೇಸ್‌ಗೆ ನೂರು ಸಂಪರ್ಕಗಳನ್ನು ತೆರೆಯಬಹುದು, ಚಿಕ್ಕ ಆರ್‌ಡಿಎಸ್ (ಎಡಬ್ಲ್ಯೂಎಸ್‌ನ ಡೇಟಾಬೇಸ್ ಸೇವೆ) ಅದನ್ನು ತಾಳುವುದಿಲ್ಲ. ಸಂಪರ್ಕವನ್ನು ಹ್ಯಾಂಡ್ಲರ್‌ನ (ಪ್ರತಿ ಕರೆಗೂ ಓಡುವ ಕೋಡ್ ಭಾಗದ) ಹೊರಗೆ ತೆರೆದು ಮರುಬಳಸಿ, ಮತ್ತು ರಿಸರ್ವ್ಡ್ ಕನ್‌ಕರೆನ್ಸಿಯನ್ನು (ಒಮ್ಮೆಗೇ ಓಡಬಹುದಾದ ಪ್ರತಿಗಳ ಮಿತಿಯನ್ನು) 10ಕ್ಕೆ ಕಟ್ಟಿಹಾಕಿ. ಮಿತಿ ಮೀರಿದ ಈವೆಂಟ್‌ಗಳನ್ನು ಲ್ಯಾಂಬ್ಡಾ 6 ಗಂಟೆಯವರೆಗೆ ತನ್ನ ಸರತಿಯಲ್ಲಿಟ್ಟು ಮತ್ತೆ ಯತ್ನಿಸುವುದರಿಂದ ಫೋಟೊಗಳು ತಡವಾಗಬಹುದೇ ಹೊರತು ಬಿಟ್ಟುಹೋಗುವುದಿಲ್ಲ.

ಪ್ರತಿಕ್ರಿಯೆ (ಬರೆದವರು: ಡೈರಿ ಡೆವಲಪರ್)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಂಡ್‌ಪಾಯಿಂಟ್ ಹಾಕಿದ ಮೇಲೆ ಟೈಮ್‌ಔಟ್ ನಿಂತಿತು, ಕನ್ನಡ ಹೆಸರಿನ ಫೈಲ್‌ಗಳು ಓದಲು ಬರುತ್ತಿವೆ. ರಿಕ್ವೆಸ್ಟ್ ಐಡಿಗಳು ನೀವು ಹೇಳಿದಂತೆ ಒಂದೇ ಇದ್ದವು. ಈಗ ಉಳಿದಿರುವುದು ಒಂದೇ ತೊಂದರೆ. ಪಿಲ್ಲೋ ಲೋಡ್ ಆಗುತ್ತಿದೆ, ಜಿಪ್‌ನೊಳಗೆ ಕನ್ನಡದ ಫಾಂಟ್ ಫೈಲನ್ನೂ ಸೇರಿಸಿದ್ದೇನೆ, ಆದರೆ ಚಿತ್ರದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡುತ್ತಿವೆ. ‘ಲಕ್ಷ್ಮಮ್ಮ’ ಎಂಬ ಹೆಸರಿನಲ್ಲಿ ಪ್ರತಿ ವ್ಯಂಜನವೂ ಪಕ್ಕಪಕ್ಕ ನಿಂತು ನಡುವೆ ಹಲಂತ ಕಾಣುತ್ತಿದೆ. ಮ್ಯಾಕ್‌ನಲ್ಲಿ ಇದೇ ಫಾಂಟ್ ಸರಿಯಾಗಿತ್ತು.

ಉತ್ತರ 4 (ಬರೆದವರು: ಬ್ಯಾಕೆಂಡ್ ಬರಹ)

ಫಾಂಟಿನಲ್ಲಿ ದೋಷವಿಲ್ಲ. ಒತ್ತಕ್ಷರಗಳನ್ನು ಜೋಡಿಸುವ ಕೆಲಸಕ್ಕೆ ಪಿಲ್ಲೋ ರಾಕ್ಮ್ ಎಂಬ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಲಿನಕ್ಸ್‌ನ ಸಿದ್ಧ ಪಿಲ್ಲೋ ಪ್ಯಾಕೇಜ್‌ನಲ್ಲಿ ರಾಕ್ಮ್ ಇದ್ದರೂ ಅದು ಓಡುವ ಹೊತ್ತಿಗೆ ಫ್ರೈಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಸಿಸ್ಟಂನಲ್ಲಿ ಹುಡುಕುತ್ತದೆ. ಸಿಗದಿದ್ದರೆ ಪಿಲ್ಲೋ ಯಾವ ದೋಷವನ್ನೂ ಹೇಳದೆ ಸರಳ ಜೋಡಣೆಗೆ ಇಳಿದುಬಿಡುತ್ತದೆ. ಇಂಗ್ಲಿಷ್‌ಗೆ ಅದು ಸಾಕು, ಕನ್ನಡಕ್ಕೆ ಸಾಲದು. ಫಂಕ್ಷನ್ನಿನ ಮೊದಲ ಸಾಲುಗಳಲ್ಲೇ ಪಿಲ್ಲೋದ ಫೀಚರ್ಸ್ ಮಾಡ್ಯೂಲ್‌ನಲ್ಲಿ ರಾಕ್ಮ್ ಇದೆಯೇ ಎಂದು ಪರೀಕ್ಷಿಸಿ ಲಾಗ್‌ಗೆ ಬರೆಸಿ. ‘ಫಾಲ್ಸ್’ ಎಂದು ಬಂದರೆ ಇದೇ ಕಾರಣ.

ಜಿಪ್ ಬಿಟ್ಟು ಕಂಟೈನರ್ ಇಮೇಜ್‌ಗೆ ಹೋಗಿ, ಲ್ಯಾಂಬ್ಡಾದ ಪೈಥಾನ್ 3.12 ಮೂಲ ಇಮೇಜ್‌ನ ಮೇಲೆ ಫ್ರೈಬಿಡಿಯನ್ನು ಇನ್‌ಸ್ಟಾಲ್ ಮಾಡುವುದು ನನ್ನ ಸಲಹೆ. ಪಠ್ಯ ಬರೆಯುವಾಗ ಲೇಔಟ್ ಎಂಜಿನ್ ರಾಕ್ಮ್ ಎಂದು ಸ್ಪಷ್ಟವಾಗಿ ಸೂಚಿಸಿದರೂ ಅದು ಇಲ್ಲದಿದ್ದಾಗ ಪಿಲ್ಲೋ ಸರಳ ಜೋಡಣೆಗೇ ಮರಳುವುದರಿಂದ, ಮೇಲಿನ ಪರೀಕ್ಷೆಯಲ್ಲಿ ‘ಫಾಲ್ಸ್’ ಬಂದರೆ ಫಂಕ್ಷನ್ ತಾನಾಗಿಯೇ ದೋಷ ಎಸೆದು ನಿಲ್ಲುವಂತೆ ಮಾಡಿ. ಸದಸ್ಯರ ಹೆಸರು ಒಡೆದು ಮುದ್ರಣವಾದ ಚೀಟಿಗಳು ಅವರ ಕೈ ಸೇರುವುದಕ್ಕಿಂತ ಆ ಈವೆಂಟ್, ಸೋತ ಈವೆಂಟ್‌ಗಳ ಸರತಿಗೆ ಹೋಗಿ ನಿಮ್ಮ ಕಣ್ಣಿಗೆ ಬೀಳುವುದು ಮೇಲು.