ಮೋರಿಸ್ ಮೈನರ್‌ಗೆ ಬ್ರೇಕ್ ಸರ್ವೋ: ಎಲ್ಲಿ ಕೂರಿಸಬೇಕು, ಹೇಗೆ ನೋಡಿಕೊಳ್ಳಬೇಕು?

ಪ್ರಶ್ನೆ: ಮೈನರ್_ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಾತನವರ ಕಾಲದ ಮೋರಿಸ್ ಮೈನರ್ 1000 ಇದೆ. 948 ಸಿಸಿ ಎಂಜಿನ್, ನಾಲ್ಕೂ ಚಕ್ರಗಳಿಗೆ 7 ಅಂಗುಲದ ಡ್ರಮ್. ತಂದೆಯವರಿಗೆ ಮಂಡಿನೋವು ಬಂದಿದ್ದರೂ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಈ ಕಾರನ್ನು ತಾವೇ ಓಡಿಸಿಕೊಂಡು ಹೋಗುವ ಪದ್ಧತಿಯನ್ನು ಬಿಟ್ಟಿಲ್ಲ. ಇಳಿಯುವಾಗ ಪೆಡಲ್ ಕಲ್ಲಿನಂತಿರುತ್ತದೆ ಎಂಬುದು ಅವರ ದೂರು. ಪರಿಚಿತರೊಬ್ಬರಿಂದ ಹಳೆಯ ರಿಮೋಟ್ ಸರ್ವೋ (ಎಂಜಿನ್ನಿನ ನಿರ್ವಾತದ ಬಲದಿಂದ ಬ್ರೇಕ್ ಒತ್ತಡವನ್ನು ಹೆಚ್ಚಿಸುವ, ಪೆಡಲ್‌ನಿಂದ ದೂರ ಕೂರಿಸುವ ಸಾಧನ) ಒಂದು ಸಿಕ್ಕಿದೆ. ಮೆಕ್ಯಾನಿಕ್ ಒಬ್ಬರು ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹೋಗುವ ಸಣ್ಣ ವ್ಯಾಕ್ಯೂಮ್ (ನಿರ್ವಾತ) ಪೈಪಿಗೇ ಇದನ್ನು ಸೇರಿಸಿಬಿಡಬಹುದು ಎನ್ನುತ್ತಾರೆ. ಹಾಗೆ ಮಾಡಬಹುದೇ? ಸರ್ವೋ ಹಾಕಿದರೆ ಕಾರು ಈಗಿಗಿಂತ ಬೇಗ ನಿಲ್ಲುತ್ತದೆಯೇ?

ಉತ್ತರ: ಎ_ಸೀರೀಸ್, ಮೈಸೂರು

ದಯವಿಟ್ಟು ಹಾಗೆ ಮಾಡಿಸಬೇಡಿ. ಆ ಸಣ್ಣ ಪೈಪು ಕಾರ್ಬ್ಯುರೇಟರ್‌ನಿಂದ ಬರುವಂಥದ್ದು. ಇಗ್ನಿಷನ್ ಟೈಮಿಂಗ್ ಸರಿಹೊಂದಿಸಲು ಮಾತ್ರ ಸಾಲುವಷ್ಟು ಕಿರಿದು. ಸರ್ವೋಗೆ ಬೇಕಾದ ನಿರ್ವಾತವನ್ನು ಇನ್‌ಲೆಟ್ ಮ್ಯಾನಿಫೋಲ್ಡ್‌ನಿಂದಲೇ (ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆ) ನೇರವಾಗಿ ತೆಗೆದುಕೊಳ್ಳಬೇಕು, ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಇರಲೇಬೇಕು. ಎಂಜಿನ್ ಆಫ್ ಆದರೂ ಒಂದೆರಡು ಸಲ ಬ್ರೇಕ್ ಹಿಡಿಯುವಷ್ಟು ನಿರ್ವಾತ ಒಳಗೆ ಉಳಿಯುವುದು ಆ ವಾಲ್ವ್‌ನಿಂದಲೇ. ಹೋಸ್ ಮ್ಯಾನಿಫೋಲ್ಡ್‌ನಿಂದ ಸರ್ವೋ ಕಡೆಗೆ ಏರುತ್ತಲೇ ಹೋಗಬೇಕು. ಮಧ್ಯೆ ತಗ್ಗಿದ್ದರೆ ಅಲ್ಲಿ ಪೆಟ್ರೋಲ್ ನಿಂತು ಸರ್ವೋ ಒಳಗಿನ ರಬ್ಬರನ್ನು ಹಾಳುಮಾಡುತ್ತದೆ. ಸಾಮಾನ್ಯ ಪೆಟ್ರೋಲ್ ಪೈಪನ್ನೂ ಬಳಸಬೇಡಿ, ಅದು ನಿರ್ವಾತಕ್ಕೆ ಒಳಕ್ಕೆ ಕುಸಿದು ಮುಚ್ಚಿಕೊಳ್ಳಬಹುದು.

ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ತಳ್ಳುವ ಭಾಗ) ಚಾಲಕನ ಕಾಲಡಿಯ ನೆಲದ ಕೆಳಗೆ ಚಾಸಿಯೊಳಗೆ ಅಡಗಿರುವುದರಿಂದ, ಈಗಿನ ಕಾರುಗಳಂತೆ ಪೆಡಲ್ ಮತ್ತು ಸಿಲಿಂಡರ್ ನಡುವೆ ಸರ್ವೋ ಕೂರಿಸಲು ಜಾಗವೇ ಇಲ್ಲ. ರಿಮೋಟ್ ಸರ್ವೋ ಸರಿಯಾದ ಆಯ್ಕೆ. ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಮುಖ್ಯ ಪೈಪು ಮುಂದಕ್ಕೂ ಹಿಂದಕ್ಕೂ ಕವಲೊಡೆಯುವ ಮೊದಲೇ ಅದನ್ನು ಸರ್ವೋಗೆ ತಂದು, ಅಲ್ಲಿಂದ ಬರುವ ಹೆಚ್ಚಿದ ಒತ್ತಡವನ್ನು ಕವಲಿಗೆ ಕೊಡಬೇಕು. ಮೈನರ್‌ನ ಎ ಸೀರೀಸ್ ಎಂಜಿನ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿರುವುದರಿಂದ ಸರ್ವೋವನ್ನು ಎಕ್ಸಾಸ್ಟ್ ಪೈಪಿನ ಬಿಸಿಗೆ ಸಿಗದಂತೆ ದೂರವಿಡಿ. ಗಾಳಿಗುಳ್ಳೆಗಳು ತಾವಾಗಿಯೇ ಹೊರಬರುವಂತೆ ಸರ್ವೋದಿಂದ ಬ್ರೇಕ್ ಆಯಿಲ್ ಹೊರಹೋಗುವ ತುದಿಯನ್ನು ಮೇಲ್ಮುಖವಾಗಿ ಓರೆಯಿಡಿ. ಏರ್ ತೆಗೆಯುವಾಗ ಎಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಉಳಿದ ನಿರ್ವಾತ ಖಾಲಿ ಮಾಡಿದ ಮೇಲೆ ಆರಂಭಿಸಿ.

ಕಾರು ಬೇಗ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ಇಲ್ಲ. ಸರ್ವೋ ಕಡಿಮೆ ಮಾಡುವುದು ಕಾಲಿನ ಶ್ರಮವನ್ನು ಮಾತ್ರ. ಟೈರಿನ ಹಿಡಿತವೂ ಲೈನರಿನ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಗುಣವೂ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಆದ್ದರಿಂದ ಮೊದಲು ಚಕ್ರ ಬಿಚ್ಚಿ ನೋಡಿ. ಮುಂದಿನ ಪ್ರತಿ ಚಕ್ರಕ್ಕೆ ಲೈನರ್ ಮತ್ತು ಡ್ರಮ್ಮಿನ ಅಂತರ ಸರಿಪಡಿಸುವ ಎರಡು ಅಡ್ಜಸ್ಟರ್‌ಗಳಿವೆ, ಹಿಂದೆ ಒಂದೊಂದೇ. ಮುಂದಿನ ಎರಡರಲ್ಲಿ ಒಂದನ್ನೇ ತಿರುಗಿಸಿ ಇನ್ನೊಂದನ್ನು ಮರೆತಿರುವ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲೈನರ್ ಗಾಜಿನಂತೆ ಹೊಳೆಯುತ್ತಿದ್ದರೆ ಪೆಡಲ್ ಕಲ್ಲಾಗುವುದು ಸಹಜವೇ. ಬೆಟ್ಟ ಇಳಿಯುವಾಗ ಗೇರ್ ತಗ್ಗಿಸಿ, ಆಕ್ಸಿಲರೇಟರ್ ಬಿಟ್ಟು ಬನ್ನಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಮ್ಯಾನಿಫೋಲ್ಡ್‌ನಲ್ಲಿ ಒಳ್ಳೆಯ ನಿರ್ವಾತವೂ ಇರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆಫ್ ಮಾಡಿ ಇಳಿಯುವ ಹಳೆಯ ಉಳಿತಾಯದ ಅಭ್ಯಾಸ ತಂದೆಯವರಿಗೆ ಇದ್ದರೆ, ಸರ್ವೋ ಹಾಕಿದ ಮೇಲೆ ಅದನ್ನು ಖಂಡಿತ ಬಿಡಬೇಕು.

ಇನ್ನೊಂದು ವಿಷಯ. ಸಮುದ್ರಮಟ್ಟದಲ್ಲಿ ಐಡಲ್‌ನಲ್ಲಿ ನಿರ್ವಾತ ಅಳೆಯುವ ಗೇಜ್ 18ರಿಂದ 20 ಅಂಗುಲ (ಪಾದರಸದ ಮಟ್ಟ) ತೋರಿಸುವ ಎಂಜಿನ್ ನಮ್ಮ ಮೈಸೂರಿನಲ್ಲಿ ಎರಡೂವರೆ ಅಂಗುಲದಷ್ಟು ಕಡಿಮೆ ತೋರಿಸುತ್ತದೆ, ಏಕೆಂದರೆ ನಾವು ಸುಮಾರು 770 ಮೀಟರ್ ಎತ್ತರದಲ್ಲಿದ್ದೇವೆ. ಅದನ್ನು ನೋಡಿ ಎಂಜಿನ್ ಸವೆದಿದೆ ಎಂದು ಗಾಬರಿಯಾಗಬೇಡಿ.

ಉತ್ತರ: ಪದ್ಮಿನಿ_ಮಂಡ್ಯ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಳೆಯ ಸರ್ವೋ ಎಂದಿರಲ್ಲ, ಅದಕ್ಕೆ ಹೊಸ ಸೀಲ್ ಕಿಟ್ ಹಾಕದೆ ಕೂರಿಸಬೇಡಿ. ನನ್ನ ಪದ್ಮಿನಿಗೆ (ಫಿಯಟ್ ಮೂಲದ ಕಾರು) ಹೀಗೆಯೇ ಒಂದು ಸರ್ವೋ ಹಾಕಿಸಿದ್ದೆ. ಎರಡು ತಿಂಗಳಾದ ಮೇಲೆ ಬ್ರೇಕ್ ಆಯಿಲ್ ಕಡಿಮೆಯಾಗತೊಡಗಿತು. ಚಕ್ರಗಳ ಬಳಿ ಹನಿಯಿಲ್ಲ, ನೆಲದ ಮೇಲೆ ಕಲೆಯಿಲ್ಲ. ಸೈಲೆನ್ಸರ್‌ನಲ್ಲಿ ಮಾತ್ರ ಬಿಳಿ ಹೊಗೆ. ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದರು. ಕೊನೆಗೆ ವ್ಯಾಕ್ಯೂಮ್ ಹೋಸ್ ಬಿಚ್ಚಿ ನೋಡಿದರೆ ಒಳಗೆಲ್ಲ ಆಯಿಲ್ ತೇವ. ಸರ್ವೋ ಸಿಲಿಂಡರಿನ ಹಿಂದಿನ ಸೀಲ್ ಸವೆದು, ಎಂಜಿನ್ ಅಲ್ಲಿಂದ ಬ್ರೇಕ್ ಆಯಿಲ್ಲನ್ನು ಕುಡಿದು ಸುಡುತ್ತಿತ್ತು.

ನನಗೆ ಆಯಿಲ್ ಡಬ್ಬಿ ಬಾನೆಟ್ ಎತ್ತಿದೊಡನೆ ಕಾಣುತ್ತದೆ, ಆದ್ದರಿಂದ ಗೊತ್ತಾಯಿತು. ನಿಮ್ಮ ಮೈನರ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ಕಾರ್ಪೆಟ್ ಕೆಳಗೆ ಇದೆ. ವರ್ಷಕ್ಕೊಮ್ಮೆ ಸರ್ವಿಸ್‌ನಲ್ಲಿ ನೋಡಿದರಾಯಿತು ಎಂಬ ಮಾತು ಇನ್ನು ನಡೆಯುವುದಿಲ್ಲ. ಮೊದಲ ಮೂರು ತಿಂಗಳು ಪ್ರತಿ ವಾರವೂ ಕಾರ್ಪೆಟ್ ಎತ್ತಿ ನೋಡಿ.

ಬಿಡಿಭಾಗಗಳನ್ನು ತೊಳೆಯಲು ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ, ಸೀಲ್‌ಗಳು ಊದಿಕೊಳ್ಳುತ್ತವೆ. ಹೊಸ ಬ್ರೇಕ್ ಆಯಿಲ್‌ನಿಂದಲೇ ತೊಳೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತದೆ. ಸರ್ವೋದ ಏರ್ ಫಿಲ್ಟರ್ ಸಣ್ಣದು, ಎಲ್ಲರೂ ಮರೆಯುವಂಥದ್ದು. ನಮ್ಮ ಕಡೆ ಆಲೆಮನೆಗಳು ಹೊತ್ತಿಕೊಂಡು ಕಬ್ಬಿನ ಗಾಡಿಗಳು ಓಡಾಡುವ ಕಾಲದಲ್ಲಿ ಮಸಿ, ದೂಳು ಸೇರಿ ಅದು ಕಟ್ಟಿಕೊಂಡು ಸರ್ವೋದ ಕೆಲಸ ನಿಧಾನವಾಗತೊಡಗುತ್ತದೆ.

ಪೈಪಿನ ನಟ್‌ಗಳ ಬಗ್ಗೆಯೂ ಎಚ್ಚರ. ನನ್ನ ಪದ್ಮಿನಿಯದು ಮೆಟ್ರಿಕ್ ಮರೆ (ತಿರುಪಿನ ಸುತ್ತುಗೆರೆ), ಬ್ರಿಟಿಷ್ ಸರ್ವೋದ್ದು ಅಂಗುಲದ ಮರೆ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಸ್ಪ್ಯಾನರಿನ ಬಲ ತೋರಿಸದೆ ಬಿಚ್ಚಿಬಿಡಿ. ನಿಮ್ಮದೂ ಬ್ರಿಟಿಷ್ ಕಾರೇ ಆದ್ದರಿಂದ ಈ ತಾಪತ್ರಯ ಬಹುಶಃ ಬಾರದು.

ಉತ್ತರ: ಹಳೆಯ_ನೋಂದಣಿ, ಮೈಸೂರು

ಬ್ರಾಕೆಟ್‌ಗಾಗಿ ಬಾಡಿಗೆ ಹೊಸ ತೂತು ಕೊರೆಯಬೇಡಿ, ಇರುವ ಬೋಲ್ಟ್‌ಗಳನ್ನೇ ಬಳಸಿ. 50 ವರ್ಷ ಮೀರಿದ ವಾಹನಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ನಿಯಮವು ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಬೇಡವೆನಿಸಿದಾಗ ಗುರುತಿಲ್ಲದಂತೆ ಬಿಚ್ಚಿಡುವ ಹಾಗಿದ್ದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು: ಮೈನರ್_ಸರಸ್ವತಿಪುರಂ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮುಂದಿನ ಚಕ್ರಗಳನ್ನು ಬಿಚ್ಚಿಸಿದೆ. ಎಡಗಡೆಯ ಎರಡನೆಯ ಅಡ್ಜಸ್ಟರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಲೈನರ್‌ಗಳು ಹೊಳೆಯುತ್ತಿದ್ದವು. ಎರಡನ್ನೂ ಸರಿಪಡಿಸಿದ ಮೇಲೆ ಪೆಡಲ್ ಅರ್ಧದಷ್ಟು ಸುಧಾರಿಸಿದೆ ಎಂದು ತಂದೆಯವರು ಹೇಳುತ್ತಾರೆ. ಸೀಲ್ ಕಿಟ್ ಬಂದ ಮೇಲೆ ಸರ್ವೋ ಕೂರಿಸುತ್ತೇನೆ. ಕೂರಿಸಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ತಿಳಿಯುವ ಉಪಾಯವಿದೆಯೇ?

ಉತ್ತರ: ಎ_ಸೀರೀಸ್, ಮೈಸೂರು

ಇದೆ. ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ, ಕಾಲು ಎತ್ತದೆ ಹಾಗೆಯೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಸರ್ವೋ ಕೆಲಸ ಮಾಡುತ್ತಿದೆ. ಒತ್ತಿ ಹಿಡಿದಷ್ಟು ಹೊತ್ತೂ ಬುಸ್ ಎನ್ನುವ ಸದ್ದು ನಿಲ್ಲದೆ ಐಡಲ್ ಏರುಪೇರಾದರೆ ಡಯಾಫ್ರಮ್ (ಸರ್ವೋ ಒಳಗಿನ ರಬ್ಬರ್ ಪೊರೆ) ಅಥವಾ ವಾಲ್ವ್‌ನಲ್ಲಿ ಗಾಳಿ ಸೋರುತ್ತಿದೆ. ಅಂಥ ಸ್ಥಿತಿಯಲ್ಲಿ ಬೆಟ್ಟಕ್ಕೆ ಹೋಗಬೇಡಿ.