ಸಣ್ಣವ್ರು, ಮುದುಕ್ರು ಕೂಡಿ ಒಂದ ಬಟ್ಟಿ ನೇಯೋದು ಹೆಂಗ? ಅನುಭವ ಇದ್ದವ್ರು ಹೇಳ್ರಿ

ಬಾಗಲಕೋಟಿ ನವನಗರದಿಂದ ಕೇಳಾಕತ್ತೀನ್ರಿ. ದಸರಾ ಸೂಟ್ಯಾಗ ನಮ್ಮ ಓಣಿಯವ್ರು ಕೂಡಿ ಒಂದು ಉದ್ದನ್ನ ಬಟ್ಟಿ ನೇಯಬೇಕಂತ ಮಾಡೀವಿ. ಸಾಲಿ ಹುಡುಗರಿಂದ ಅಜ್ಜಿಯರ ತನಕ ಯಾರು ಬಂದ್ರೂ ಕೈ ಹಚ್ಚಬೇಕು. ನಮ್ಮಲ್ಲಿ ನೇಕಾರರ ಮನಿ ಒಂದೂ ಇಲ್ಲ. ಯಾವ ಮಗ್ಗ, ಯಾವ ನೂಲು?

ಗುಳೇದಗುಡ್ಡದಿಂದ:
ಕುಣಿ ಮಗ್ಗದ ಆಸೆ ಮೊದಲ ಬಿಡ್ರಿ. ನಮ್ಮ ಮನ್ಯಾಗ ಖಣ ನೇಯೋದು ಅದರಾಗ. ಕುಣ್ಯಾಗ ಕಾಲು ಇಳಿಬಿಟ್ಟು ತುಳೀಬೇಕು. ಸಣ್ಣ ಹುಡುಗರ ಕಾಲು ಮುಟ್ಟಂಗಿಲ್ಲ, ಮೊಣಕಾಲು ನೋವಿದ್ದವ್ರು ಇಳ್ಯಾಂಗಿಲ್ಲ, ಮ್ಯಾಲ ಕೂಡೋದು ಒಬ್ಬರ. ಬಡಗಿಗೆ ಹೇಳಿ ಮಂಚದಷ್ಟು ದೊಡ್ಡ ಕಟ್ಟಿಗಿ ಚೌಕಟ್ಟು ಮಾಡಿಸ್ರಿ, ಎರಡೂ ತುದಿಗೆ ಅರ್ಧ ಇಂಚಿಗೊಂದು ಮೊಳಿ. ಹಾಸು, ಅಂದ್ರ ಉದ್ದಕ್ಕ ಬಿಗಿಯೋ ಎಳಿ, ಗಟ್ಟಿ ಹತ್ತಿ ಹುರೀದ ಇರಲಿ, ಎಲ್ಲಾ ಎಳಿ ಒಂದ ಬಿಗಿ. ಹೊಸಬ್ರು ಹೊಕ್ಕಿನ ಎಳಿ, ಅಂದ್ರ ಅಡ್ಡ ಹೋಗೋ ಎಳಿ, ಜಗ್ಗತಾರ, ಅಂಚು ಒಳಗ ಸರೀತೈತಿ, ಸಂಜಿಗೆ ಬಟ್ಟಿ ನಡುವ ಸಣ್ಣ ಆಗಿರ್ತೈತಿ. ಹೊಕ್ಕು ನೆಟ್ಟಗ ಎಳೀಲಾರದ ಸ್ವಲ್ಪ ಬಾಗಿಸಿ ಇಟ್ಟು ಆಮ್ಯಾಲ ಬಡೀರಿ. ತಲಿ ಬಾಚೋ ದೊಡ್ಡ ಹಣಗಿ ಸಾಕು.

ಇಳಕಲ್‌ದಿಂದ:
ಉದ್ದ ಬೇಕಂದ್ರ ಒಂದ ಚೌಕಟ್ಟಿನ್ಯಾಗ ಆಗಂಗಿಲ್ರಿ. ನಾಕು ಮಾಡ್ರಿ, ಆಮ್ಯಾಲ ಜೋಡಿಸ್ರಿ. ನಮ್ಮ ಸೀರಿನೂ ಜೋಡಿಸಿದ್ದ ಐತಲ್ಲ. ಮೈಯಿನ ಹಾಸು ಬ್ಯಾರೆ, ಸೆರಗಿನ ರೇಷ್ಮಿ ಹಾಸು ಬ್ಯಾರೆ, ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸ್ತಾರ. ನೀವು ಅಷ್ಟೆಲ್ಲ ಮಾಡಬ್ಯಾಡ್ರಿ, ಸೂಜೀಲೆ ಹೊಲೀರಿ. ಇನ್ನ ಎಲ್ಲಾರೂ ನೇಯಬೇಕಂತ ಏನಿಲ್ಲ. ನೇಕಾರರ ಮನ್ಯಾಗೂ ಒಬ್ಬರು ನೇಯ್ತಾರ, ಉಳದವ್ರು ಕಂಡಿಕಿಗೆ, ಅಂದ್ರ ಸಣ್ಣ ಕೊಳವಿಗೆ, ನೂಲು ಸುತ್ತತಾರ, ಹರದ ಎಳಿ ಕಟ್ಟತಾರ. ಕಣ್ಣು ಮಂಜಾದ ಅಜ್ಜಿಗೆ ಹೊಕ್ಕಿಗೆ ಹಾಕೋ ಬಟ್ಟಿ ಪಟ್ಟಿ ಉಂಡಿ ಸುತ್ತಾಕ ಕೊಡ್ರಿ.

ರಬಕವಿಯಿಂದ:
ಹೊಕ್ಕಿಗೆ ಹಳೇ ಕಾಟನ್ ಸೀರಿ, ಧೋತರ ಒಂದಿಂಚು ಅಗಲಕ್ಕ ಹರೀರಿ. ಪಾಲಿಸ್ಟರ್ ಸೀರಿ ತರಬ್ಯಾಡ್ರಿ, ಜಾರತೈತಿ. ಮತ್ತ ಉದ್ಘಾಟನೆ, ಶಾಲು, ಹಾರ ಇಟ್ಕೊಂಡ್ರ ಮೊದಲನೇ ದಿನ ಭಾಷಣದಾಗ ಹೋಗತೈತಿ.

ವಿಜಯಪುರದಿಂದ:
ನಾವು ಮಾಡಿದ್ವಿ. ಜಗಳ ನೂಲಿನ ಸಂಬಂಧ ಆಗಲಿಲ್ಲ, ಸಾಲು ಸೊಟ್ಟ ಆದದ್ದಕ್ಕ ಆತು. ಚಂದ ಕಾಣಲಿ ಅಂತ ಯಾರೋ ದೊಡ್ಡವ್ರು ರಾತ್ರಿ ಹುಡುಗರ ಸಾಲು ಬಿಚ್ಚಿ ತಾವ ನೇಯ್ದಿಟ್ರು. ಮುಂಜಾನೆ ಒಬ್ಬ ಹುಡುಗ ಬಂದು ತನ್ನ ಹಸರು ಪಟ್ಟಿ ಹುಡುಕಿದ, ಮರುದಿನ ಬರಲಿಲ್ಲ. ಅವತ್ತಿಂದ ಒಂದ ಕರಾರು: ಬಿಚ್ಚೋದಿದ್ರ ನೇಯ್ದವ್ರೇ ಬಿಚ್ಚಬೇಕು. ಕೌದಿಗೆ ನಾಕು ಮೂಲಿ ಹಿಡದು ಕುಂತವ್ರು ಒಬ್ಬರ ಟಾಕಿ ಒಬ್ಬರು ಬಿಚ್ಚತಾರೇನ್ರಿ? ಸೊಟ್ಟ ಅಂಚು ಇರಲಿ ಬಿಡ್ರಿ. ನಮ್ಮ ಬಟ್ಟ್ಯಾಗ ಮಂದಿ ಹುಡುಕಿ ಹುಡುಕಿ ತೋರಿಸೋದು ಅದನ್ನ.

ನವನಗರದಿಂದ:
ಭಾಳ ಉಪಕಾರ ಆತ್ರಿ. ನೇಯ್ದದ್ದನ್ನ ಚೌಕಟ್ಟಿನಿಂದ ತೆಗೆಯೋದು ಹೆಂಗ? ಬಿಚ್ಚಿ ಹೋಗಂಗಿಲ್ಲೇನು?

ಗುಳೇದಗುಡ್ಡದಿಂದ:
ಮೊಳಿ ತನಕ ನೇಯಬ್ಯಾಡ್ರಿ, ಎರಡೂ ಕಡೆ ಒಂದು ಗೇಣು ಹಾಸು ಬಿಡ್ರಿ. ನಾಕ್ನಾಕು ಎಳಿ ಕತ್ತರಿಸಿ ಅಲ್ಲೇ ಗಂಟು ಹಾಕ್ಕೋತ ಹೋಗ್ರಿ. ಎಲ್ಲಾ ಒಮ್ಮೆಗೇ ಕತ್ತರಿಸಿದ್ರ ಮಾತ್ರ ಕೈಯಾಗ ಬರೇ ಪಟ್ಟಿ ಉಳೀತಾವ.